ಟಗರುಕೊಂಬಿನ ಸೈಕಲ್ಲಿಗೆ ಗೇರು

ನಮ್ಮ ಚಿಕ್ಕಪ್ಪ ಊರಿಗೆ ನೀರು ಬಿಡುವವನು. ಪಂಚಾಯ್ತಿಯ ಪಂಪ್‌ಹೌಸು ಊರಾಚೆಯ ದಿಬ್ಬದ ಮೇಲಿದೆ. ಬೆಳಿಗ್ಗೆ ಅವನು ಅಲ್ಲಿಗೆ ಹೋಗಿ ಮೋಟಾರು ಹಾಕಿದ ಮೇಲೆ ನಮ್ಮೂರ ನಲ್ಲಿಗಳು ಮೊದಲು ಕೆಮ್ಮುತ್ತಿದ್ದವು, ಆಮೇಲೆ ಕ್ಯಾಕರಿಸುತ್ತಿದ್ದವು, ಕೊನೆಗೆ ಮನಸ್ಸು ಬಂದರೆ ನೀರು ಬಿಡುತ್ತಿದ್ದವು. ಆ ಕೆಮ್ಮನ್ನು ಗೋಡೆಯ ಹಿಂದೆ ನಿಂತು ಬಾಯಲ್ಲೇ ಮಾಡಿ ಎಷ್ಟೋ ಹೆಂಗಸರನ್ನು ಕೊಡ ಹಿಡಿದು ಓಡಿಬರುವಂತೆ ಮಾಡಿದ್ದೇನೆ. ಮೇಷ್ಟ್ರು, ಕಂಡಕ್ಟರು, ಪಂಚಾಯ್ತಿ ಮೆಂಬರ್ರು, ನನ್ನ ಬಾಯಿಗೆ ಬೀಳದವರಿಲ್ಲ. ಇವನ ಸ್ವಂತ ದನಿ ಯಾವುದು ಎಂದು ನಮ್ಮವ್ವನಿಗೇ ಅನುಮಾನ. ನನಗೂ ಅಷ್ಟು ಖಾತ್ರಿಯಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಚಿಕ್ಕಪ್ಪ ತೋಟದ ಕಾಲುವೆ ದಾಟುವಾಗ ಜಾರಿ ಬಿದ್ದು ಎಡಗಾಲು ಮುರಿದುಕೊಂಡ. ಮೂಳೆಯೇನೋ ಕೂಡಿಕೊಂಡಿತು. ಮಂಡಿ ಮಾತ್ರ ಪೂರ್ತಿ ಮಡಚುವುದನ್ನು ಮರೆತುಬಿಟ್ಟಿತು. ದಿನಾ ಹೊಡೆಯುತ್ತಿದ್ದ ಭಾರದ ಸೈಕಲ್ಲು ಆ ಕಾಲಿಗೆ ದಿಬ್ಬ ಹತ್ತಲಿಲ್ಲ. ಕುಂಟುತ್ತ ನಡೆದು ಹೋಗುವಷ್ಟರಲ್ಲಿ ಬಿಸಿಲೇರುತ್ತಿತ್ತು, ನೀರು ತಡವಾಗುತ್ತಿತ್ತು. ಒಂದು ದಿನ ಮೆಂಬರ್ರು ನಮ್ಮ ಜಗಲಿಗೇ ಬಂದು ಕೂತರು.

"ನೋಡಪ್ಪಾ, ನಂಗೇನೂ ನಿನ್ ಮೇಲೆ ದ್ವೇಷ ಇಲ್ಲ. ಆಡಳಿತದ ದೃಷ್ಟಿಯಿಂದ ಹೇಳ್ತಿದೀನಿ. ಬರೋ ಸೋಮವಾರದಿಂದ ಹೊತ್ತಿಗೆ ಸರಿಯಾಗಿ ನೀರು ಬರ್ಲಿಲ್ಲ ಅಂದ್ರೆ, ಮೊಪೆಡ್ ಇರೋ ಹುಡುಗ್ನ ಹಾಕ್ಕೊಂತೀವಿ."

ಅವರು ಮೂಲೆ ತಿರುಗುವ ಮುಂಚೆಯೇ ನಾನು "ಆಡಳಿತದ ದೃಷ್ಟಿಯಿಂದ ಒಂದು ಲೋಟ ಕಾಫಿ ಕೊಡಮ್ಮ" ಎಂದು ಅವರ ದನಿಯಲ್ಲಿ ಶುರು ಮಾಡಿದೆ. ಚಿಕ್ಕಮ್ಮ ನಗಲಿಲ್ಲ. ಚಿಕ್ಕಪ್ಪ ಅಟ್ಟ ನೋಡುತ್ತಿದ್ದ.

ಅಟ್ಟದಲ್ಲಿ ಕೊಬ್ಬರಿಯಾಗಲು ಹಾಕಿದ ಕಾಯಿಗಳ ಜತೆ ಅವನ ಪ್ರಾಯದ ಸೈಕಲ್ಲೂ ಒಣಗುತ್ತಿತ್ತು. ಮದುವೆಗೆ ಮುಂಚೆ ತಿಪಟೂರಿನಿಂದ ತಂದದ್ದು. ತೆಳ್ಳನೆ ಸ್ಟೀಲಿನ ಮೈ, ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಸುತ್ತಿಕೊಂಡ ಹ್ಯಾಂಡಲ್ಲು. ಒಂದು ಕೈಯಲ್ಲಿ ಎತ್ತಬಹುದಾದಷ್ಟು ಹಗುರ.

"ಇದ್ಕೆ ಗೇರ್ ಹಾಕ್ಸಿದ್ರೆ?" ಅಂದ ಚಿಕ್ಕಪ್ಪ.

ಕಿಬ್ಬನಹಳ್ಳಿ ಕೂಡುರಸ್ತೆಯ ಸೈಕಲ್ ಅಂಗಡಿಯವನ ಬಳಿ, ಯಾರದೋ ಮಗ ಲಾರಿಗೆ ಗುದ್ದಿ ಮುರಿದ ಹೊಸ ಗೇರ್ ಸೈಕಲ್ಲೊಂದು ಬಿದ್ದಿತ್ತು. ಅದರ ಹಿಂದಿನ ಚಕ್ರ, ಹಲ್ಲುಗಾಲಿಗಳ ಗೊಂಚಲು, ಗೇರು, ಬ್ರೇಕಿನ ವೈರು ಎಲ್ಲ ಬಿಚ್ಚಿದ. ಆದರೆ ನಮ್ಮ ಸೈಕಲ್ಲಿನ ಹಿಂದಿನ ಫೋರ್ಕು ಕಿರಿದು, ಹೊಸ ಚಕ್ರ ಅಗಲ.

"ಎಳೀರಿ," ಅಂದ ಅಂಗಡಿಯವನು. "ಹಳೇ ಸ್ಟೀಲು ಕಣ್ರೀ, ಮಾತು ಕೇಳ್ತದೆ. ಈಗಿನ್ ಮಾಲಾಗಿದ್ರೆ ಪಟ್ ಅಂತಿತ್ತು."

ಚಿಕ್ಕಪ್ಪ ಒಂದು ಕಡೆ, ನಾನೊಂದು ಕಡೆ ಫೋರ್ಕು ಹಿಡಿದು ಎಳೆದೆವು. ಅಂಗಡಿಯವನು ಮಧ್ಯೆ ದಾರ ಹಿಡಿದು ಸಮ ನೋಡುತ್ತಿದ್ದ. ಬಸ್ಸಿಗೆ ನಿಂತಿದ್ದವನೊಬ್ಬ, "ಏನ್ರಲಾ, ಹಸು ಕರು ಹಾಕ್ತಾ ಐತಾ?" ಎಂದ. ನಾನು ಎಳೆಯುತ್ತಲೇ ಹಸುವಿನ ದನಿ ತೆಗೆದೆ. ಬಸ್ ಸ್ಟಾಪೆಲ್ಲ ನಕ್ಕಿತು. ಚಕ್ರ ಒಳಗೆ ಕೂತಿತು. ಹ್ಯಾಂಡಲ್ಲನ್ನೂ ನೆಟ್ಟಗಿನದು ಹಾಕುತ್ತೇನೆಂದು ಅಂಗಡಿಯವನು ಸ್ಪಾನರ್ ಎತ್ತಿದಾಗ ಮಾತ್ರ ಚಿಕ್ಕಪ್ಪ, "ಕೊಂಬಿಗೆ ಕೈ ಹಾಕ್ಬ್ಯಾಡ ಕಣಪ್ಪ" ಎಂದ.

ಭಾನುವಾರ ಸಂಜೆ ಜಗಲಿಯಲ್ಲಿ ನಾವಿಬ್ಬರೇ ಇದ್ದಾಗ ಅವನು ಇದ್ದಕ್ಕಿದ್ದಂತೆ, "ಲೇ, ನಾನು ಸೈಕಲ್ ಹೊಡಿಯೋದು ಮಾಡಿ ತೋರ್ಸು" ಎಂದ.

"ನಾನ್ಯಾವಾಗ ಮಾಡಿದೀನಿ ಚಿಕ್ಕಪ್ಪ?"

"ಟೀ ಅಂಗಡಿ ಮುಂದೆ ದಿನಾ ಮಾಡ್ತೀಯಂತಲ್ಲ. ಮಾಡ್ಲಾ, ನಾಳೆ ಆ ಮೆಂಬರ್ ಏನ್ ನೋಡ್ತಾನೋ ನಾನೂ ನೋಡ್ಬೇಕು."

ಮರದ ಸ್ಟೂಲಿನ ಮೇಲೆ ಕೂತು ಕೊಂಬು ಹಿಡಿದವನಂತೆ ಬಗ್ಗಿ ಮಾಡಿದೆ. ಎಡಗಾಲು ಆಚೆಗೆ ಚಾಚಿ, ಒಂದೊಂದು ತುಳಿತಕ್ಕೂ ಸೊಂಟ ಎತ್ತಿ ಎತ್ತಿ ಹಾಕಿದೆ. ಅವನು ಕಣ್ಣು ಮಿಟುಕಿಸದೆ ನೋಡಿದ.

"ಅಷ್ಟು ಸೊಟ್ಟಗೆ ಹೋಗ್ತದಾ ಕಾಲು?"

"ಇಲ್ಲ. ಅದು ಜನ ನಗ್ಲಿ ಅಂತ."

"ನಗೋದ್ ಬುಡು. ನಿಜಕ್ಕೂ ಹೆಂಗೈತೋ ಹಂಗೆ ಮಾಡು."

ನಿಜ ಮಾಡುವುದು ಅಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಮಂಡಿ ಮೇಲೆ ಬಂದಾಗ ಚಿಕ್ಕಪ್ಪ ತುಟಿ ಕಚ್ಚುತ್ತಿದ್ದ. ಅದನ್ನು ನಾನು ದಿನಾ ಬಿಟ್ಟೇಬಿಡುತ್ತಿದ್ದೆ. ಅದನ್ನೂ ಮಾಡಿದೆ. ಅವನು ಎದ್ದು ಹೋಗಿ ಸೀಟನ್ನು ಒಂದಿಷ್ಟು ಮೇಲಕ್ಕೆತ್ತಿ ಬಿಗಿದ. ಮತ್ತೆ ಹತ್ತಿ ಅಂಗಳದಲ್ಲಿ ಒಂದು ಸುತ್ತು ಹೊಡೆದ. ಈ ಸಲ ತುಟಿ ಕಚ್ಚಲಿಲ್ಲ.

ಆ ಖುಷಿಗೆ ಸೈಕಲ್ಲಿಗೆ ಎಣ್ಣೆ ಹಾಕುತ್ತೇನೆಂದು ಕೂತ. ಅಂಗಡಿಯವನು ಮಿಷಿನ್ ಎಣ್ಣೆ ಹಾಕಿ ಎಂದಿದ್ದ. "ಅವ್ನಿಗೆ ತೆಂಗಿನ್ ತೋಟ ಇಲ್ಲ ಕಣ್ಲಾ, ಪಾಪ" ಎಂದು ಚಿಕ್ಕಪ್ಪ ಒಳಗಿಂದ ಕೊಬ್ಬರಿ ಎಣ್ಣೆ ಬಾಟ್ಲಿ ತಂದ. ನಮ್ಮ ಕಡೆ ತಲೆಗೆ ಅದೇ, ನೋಯುವ ಮಂಡಿಗೆ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ಒಲೆಯ ಹತ್ತಿರ ಇಟ್ಟಿದ್ದ ಬೆಚ್ಚನೆಯ ಎಣ್ಣೆ ಹಲ್ಲುಗಾಲಿಯೊಳಗೆ ಸೊಗಸಾಗಿ ಇಳಿಯಿತು. "ಇನ್ನೊಂಚೂರು ಬುಡು" ಎಂದು ನಾನೂ ಹೇಳಿದೆ.

ಸೋಮವಾರ ಧನುರ್ಮಾಸದ ಚಳಿ. ಮಾತಾಡಿದರೆ ಬಾಯಲ್ಲಿ ಹೊಗೆ ಬರುತ್ತಿತ್ತು. ನಮ್ಮ ಬೀದಿ ದಿಬ್ಬದ ಬುಡದವರೆಗೂ ಇಳಿಜಾರು. ಚಿಕ್ಕಪ್ಪ ಪೆಡಲ್ಲು ತುಳಿಯದೆಯೇ ಜುಯ್ಯೆಂದು ಇಳಿದ, ನಾನು ಹಿಂದೆ ಓಡಿದೆ. ಬುಡದಲ್ಲಿ ಕಾಲು ಹಾಕಿ ತುಳಿದ. ಪೆಡಲ್ಲು ಗಿರ್ರನೆ ತಿರುಗಿತು, ಚೈನೂ ತಿರುಗಿತು, ಚಕ್ರ ಮಾತ್ರ ಅಲುಗಲಿಲ್ಲ. ಮತ್ತೆ ತುಳಿದ. ಗಾಳಿ ತುಳಿದ ಹಾಗೆ.

ಅಷ್ಟರಲ್ಲಿ ಮೆಂಬರ್ರು ಬಂದರು. ಹೆಗಲ ಮೇಲೆ ಟವಲ್ಲು, ಬಾಯಲ್ಲಿ ಬ್ರಷ್ಷು, ತುಟಿಯಿಂದ ಗಲ್ಲದವರೆಗೆ ಪೇಸ್ಟಿನ ನೊರೆ. ಉಗಿದು ಮುಕ್ಕಳಿಸಲು ಅವರ ಮನೆಯಲ್ಲೂ ನೀರಿಲ್ಲ. ಬೈಯಬೇಕೆಂದು ಬಾಯಿ ತೆರೆದರೆ ನೊರೆ ಇಳಿಯುತ್ತಿತ್ತು. ಕೈಗಡಿಯಾರ ಮಾತ್ರ ತೋರಿಸಿದರು. ನಾನು ಬದುಕಿನಲ್ಲಿ ಮೊದಲ ಸಲ ಅವರನ್ನು ಅಣಕಿಸುವುದನ್ನು ಮರೆತೆ.

ಚಿಕ್ಕಪ್ಪ ಹಲ್ಲುಗಾಲಿಗೆ ಬೆರಳು ಹಾಕಿ ತೆಗೆದ. ಬೆರಳ ತುದಿ ಬೆಣ್ಣೆ ಅದ್ದಿದಂತೆ ಬೆಳ್ಳಗಿತ್ತು. ರಾತ್ರಿಯ ಚಳಿಗೆ ಎಣ್ಣೆ ಒಳಗೇ ಗಟ್ಟಿಯಾಗಿ, ಚಕ್ರವನ್ನು ಹಿಡಿಯಬೇಕಾದ ಪುಟ್ಟ ಕೊಕ್ಕೆಗಳನ್ನು ಮೇಲೇಳದಂತೆ ಹಿಡಿದುಬಿಟ್ಟಿತ್ತು. ಅವನು ಕೊಂಬು ಹಿಡಿದು ನಿಂತೇ ಇದ್ದ. ದಿಬ್ಬ ನೋಡಿದ, ತನ್ನ ಕಾಲು ನೋಡಿಕೊಂಡ. ನಡೆದರೆ ತಡ, ನಿಂತರೂ ತಡ.

ಬುಡದ ಕೊನೆಮನೆಯ ಅಜ್ಜಿ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು.

"ಕೊಬ್ಬರಿ ಎಣ್ಣೆ ಹುಯ್ದಿದೀಯಾ? ಥೂ ನಿನ್ನ! ನಮ್ಮನೆ ಬಾಟ್ಲೀನೂ ಮಡ್ಡಿ ಕಟ್ಟೈತೆ ಕಣಪ್ಪ, ನಿನ್ ಗಾಲಿ ಬುಡ್ತದಾ?"

ಒಳಗೆ ಹೋಗಿ ಹಂಡೆಯಿಂದ ಹೊಗೆಯಾಡುವ ಚೊಂಬು ತಂದಳು. ಮನೆಯಲ್ಲಿ ಉಳಿದಿದ್ದ ನೀರೆಲ್ಲ ಆ ಹಂಡೆಯದಷ್ಟೇ, ಸ್ನಾನ ಮಾಡಿ ಸಂಪಿಗೆ ಊರಿನ ಗುಡಿಗೆ ಪೂಜೆಗೆ ಹೋಗಲೆಂದು ಕಾಯಿಸಿದ್ದು.

"ಬ್ಯಾಡ ಕಣಜ್ಜಿ, ನಿನ್ ಸ್ನಾನ..."

"ನೀನು ನೀರು ಬುಟ್ರೆ ಸ್ನಾನ. ಬುಡ್ಲಿಲ್ಲ ಅಂದ್ರೆ ಸ್ವಾಮಿಗೆ ನೀನೇ ಹೋಗಿ ಹೇಳು, ಅಜ್ಜಿ ಹಂಗೇ ಬತ್ತವಳೆ ಅಂತ. ಹುಯ್ಯೋ ಮೊದ್ಲು!"

ನಾನು ನಿಧಾನವಾಗಿ ಹುಯ್ದೆ, ಚಿಕ್ಕಪ್ಪ ಚಕ್ರ ಎತ್ತಿ ತಿರುಗಿಸಿದ. ಚೊಂಬು ಎರಡು ಸಲ ಹೋಗಿ ಬಂತು. ಆಮೇಲೆ ಒಳಗಿಂದ ಟಕ್ ಎಂಬ ಸದ್ದು, ಹಿಂದೆಯೇ ಟಕಟಕ. ಚಿಕ್ಕಪ್ಪ ಹತ್ತಿದ.

ದಿಬ್ಬದ ಮೇಲೆ ಅವನು ಹೋದ ವೇಗಕ್ಕೆ ಒಂದು ಎಮ್ಮೆ ಅವನನ್ನು ಹಿಂದೆ ಹಾಕಬಹುದಿತ್ತು. ನಡುದಾರಿಯಲ್ಲಿ ಗೇರು ಕಟಕ್ಕೆಂದು ಬದಲಾಯಿತು. ಎಡಗಾಲು ಸೊಟ್ಟಗೇ ಹೋಗುತ್ತಿತ್ತು. ಯಾರೂ ನಗಲಿಲ್ಲ. ಕಾಲು ನೆಲಕ್ಕೆ ಊರದೆ ಅವನು ಆಚೆ ಮರೆಯಾದ.

ಬೀದಿಯ ನಲ್ಲಿ ಕೆಮ್ಮಿತು. "ನೀನೇನ್ಲಾ?" ಎಂದು ಅಜ್ಜಿ ನನ್ನ ಬಾಯಿ ನೋಡಿದಳು. ಎರಡೂ ಕೈಯಲ್ಲಿ ಬಾಯಿ ಮುಚ್ಚಿ ತೋರಿಸಿದೆ. ಅವಳು ಕೊಡ ತರಲು ಓಡಿದಳು.

ಮೆಂಬರ್ರು ಎಲ್ಲರಿಗಿಂತ ಮೊದಲು ನಲ್ಲಿಗೆ ಬಾಯಿ ಕೊಟ್ಟರು. ಮುಕ್ಕಳಿಸಿ, ಉಗಿದು, ಟವಲ್ಲಿನಲ್ಲಿ ಮುಖ ಒರೆಸಿ, ಗಂಟಲು ಸರಿಮಾಡಿಕೊಂಡು ಗಡಿಯಾರ ನೋಡಿದರು. ಕೊಡ ಹಿಡಿದು ಬಂದ ಹೆಂಗಸರೆಲ್ಲ ಅವರನ್ನೇ ನೋಡುತ್ತಿದ್ದರು.

ಚಿಕ್ಕಪ್ಪ ಸೈಕಲ್ಲಿನಲ್ಲೇ ಇಳಿದು ಬಂದು, ಒಂದು ಕಾಲೂರಿ ಅವರೆದುರು ನಿಂತ.

"ನಾಳೆ," ಎಂದರು ಮೆಂಬರ್ರು, "ಇನ್ನೊಂಚೂರು ಮುಂಚೆ ಬುಡಪ್ಪ."

"ಬುಡ್ತೀನಿ," ಅಂದ ಚಿಕ್ಕಪ್ಪ.