ಅತ್ತೆಯ ಕಿವಿಯ ಚಾರ್ಜು, ಚಿಕ್ಕಪ್ಪನ ಒದ್ದೆ ಪಂಚೆ

ಈ ಕತೆಯನ್ನು ಮೊದಲು ಹೇಳಿದವರು ನನ್ನ ಸೋದರತ್ತೆ ಮಾದೇವಮ್ಮ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗಿ ಮಧುವನಹಳ್ಳಿಗೆ ವಾಪಸ್ ಬಂದ ಸಂಜೆ, ನಮ್ಮ ಮನೆ ಜಗಲಿಯ ಮೇಲೆ ಕೂತು, ಬೀದಿಯ ಹೆಂಗಸರಿಗೆ.

ಜೊತೆಯಲ್ಲೇ ನಡೆದವಳು ನಾನು. ಅವರು ಹೇಳದೆ ಬಿಟ್ಟಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅತ್ತೆಗೆ ಎರಡೂ ಕಿವಿ ಮಂದ. ಚಾರ್ಜ್ ಮಾಡುವಂಥ ಹಿಯರಿಂಗ್ ಏಡ್ ಹಾಕುತ್ತಾರೆ. ಅದಕ್ಕೊಂದು ಪುಟ್ಟ ಡಬ್ಬಿ ಇದೆ. ಅದರಲ್ಲಿಟ್ಟು ವೈರ್ ಸಿಕ್ಕಿಸಿದರೆ ಚಾರ್ಜ್ ಆಗುತ್ತದೆ.

ಈ ಸಲದ ನಡಿಗೆಗೆ ಯಜಮಾನಿಕೆ ಮಲ್ಲಪ್ಪ ಚಿಕ್ಕಪ್ಪನದು. ಅತ್ತೆಯ ಸ್ವಂತ ತಮ್ಮ. ಹೊರಡುವ ಮೊದಲೇ ಅಕ್ಕನಿಗೆ ಒಂದು ಶರತ್ತು ಹಾಕಿದರು. ರಸ್ತೆಯಲ್ಲಿ ಲಾರಿ ಹಾರನ್ ಕೇಳಿಸಬೇಕು, ಕಾಡಿನಲ್ಲಿ ಕೂಗಿದರೆ ಕೇಳಿಸಬೇಕು. ಕಿವಿಯ ಚಾರ್ಜ್ ಮುಗಿಯಿತೋ, ಸಾಮಾನಿನ ಟೆಂಪೋ ಹತ್ತಬೇಕು.

ಅತ್ತೆ ಒಪ್ಪಿಕೊಂಡರು. ಒಪ್ಪದೆ ಏನು ಮಾಡಿಯಾರು? ಇಷ್ಟು ವರ್ಷವೂ ಅವರು ಬೆಟ್ಟ ಸೇರಿದ್ದು ಟೆಂಪೋದಲ್ಲೇ, ಅಡುಗೆ ಪಾತ್ರೆಗಳ ನಡುವೆ ಕೂತು.

ಈ ಸಲ ಬೆಟ್ಟದ ಬುಡದ ತಾಳಬೆಟ್ಟದಿಂದ ಕಾಲ್ನಡಿಗೆಯಲ್ಲಿ ಹತ್ತಬೇಕು, ನಮ್ಮ ಜೊತೆ ನಡೆಯುವ ಕಂಸಾಳೆಯವರು ತಾಳ ಬೀಸಿ ಹಾಡುವ ಪದವನ್ನು ದಾರಿಯಲ್ಲಿ ಕೂತು ಕೇಳಬೇಕು... ಅಷ್ಟೇ ಅವರ ಆಸೆ.

ನಾನು ಒಂದು ಪವರ್ ಬ್ಯಾಂಕು, ಮಡಚುವ ಸೋಲಾರ್ ಪ್ಯಾನೆಲ್ಲು ತಂದಿದ್ದೆ. ಪವರ್ ಬ್ಯಾಂಕ್ ಹನೂರು ದಾಟುವುದರೊಳಗೆ ಖಾಲಿ. ಗುಂಪಿನವರ ಮೊಬೈಲುಗಳೆಲ್ಲ ಅದಕ್ಕೇ ಬಾಯಿ ಹಾಕಿದ್ದವು. ಟೆಂಪೋದಲ್ಲಿ ಚಾರ್ಜಿಗಿಡೋಣ ಎಂದರೆ ಅದರ ಸಾಕೆಟ್ ಕೆಟ್ಟು ಯಾವ ಕಾಲವಾಗಿತ್ತೋ.

ಇನ್ನು ಉಳಿದಿದ್ದು ಬಿಸಿಲೊಂದೇ.

ಕೌದಳ್ಳಿ ದಾಟಿ, ತಾಳಬೆಟ್ಟಕ್ಕೆ ಸ್ವಲ್ಪ ಮೊದಲು, ಹಳ್ಳದ ಪಕ್ಕದ ಹುಣಸೆಮರದಡಿ ಬಿಡಾರ ಹೂಡಿದೆವು. ನಾನು ಪ್ಯಾನೆಲ್ಲನ್ನು ಬಂಡೆಯ ಮೇಲೆ ಹರಡಿ, ಅತ್ತೆಯ ಡಬ್ಬಿಗೆ ವೈರ್ ಸಿಕ್ಕಿಸಿ, ನೆಮ್ಮದಿಯಾಗಿ ಈರುಳ್ಳಿ ಹೆಚ್ಚಲು ಹೋದೆ.

ಹಳ್ಳ ಕಂಡಲ್ಲಿ ಮುಳುಗುವುದು, ಒದ್ದೆ ಬಟ್ಟೆಯನ್ನು ಕಾದ ಬಂಡೆಗೆ ಹರಡುವುದು ನಮ್ಮ ನಡಿಗೆಯವರ ರೂಢಿ. ನನಗದು ನೆನಪಾಗಲೇ ಇಲ್ಲ.

ಅಡುಗೆ ಮುಗಿಸಿ ಬಂದು ನೋಡಿದರೆ ಪ್ಯಾನೆಲ್ ಕಾಣುತ್ತಿಲ್ಲ. ಅದು ಇದ್ದ ಜಾಗದಲ್ಲಿ ಉದ್ದಕ್ಕೂ ಒಂದು ಕಾವಿ ಪಂಚೆ. ಎತ್ತಿದರೆ ಅಡಿಯಲ್ಲಿದೆ ಪ್ಯಾನೆಲ್ಲು, ತಣ್ಣಗೆ.

"ಕರ್ರುಗೆ ಚೆನ್ನಾಗ್ ಕಾದಿತ್ತು ಕಣವ್ವ, ಬಿರ್ನೆ ಒಣಗ್ಲಿ ಅಂತ ಆಕ್ದಿ," ಅಂದರು ಮಲ್ಲಪ್ಪ ಚಿಕ್ಕಪ್ಪ.

ಡಬ್ಬಿಯ ದೀಪಗಳಲ್ಲಿ ಒಂದೇ ಒಂದು ಮಿಣುಕುತ್ತಿದೆ, ಚಾರ್ಜ್ ಮುಗಿದ ಹಾಗೇ ಲೆಕ್ಕ. ಅಷ್ಟರಲ್ಲಿ ಎಲ್ಲರೂ ಗಂಟು ಕಟ್ಟಿ ಹೊರಡಲು ಎದ್ದಾಗಿದೆ.

ತಪ್ಪು ತಮ್ಮದೇ ಆದರೂ ಚಿಕ್ಕಪ್ಪ ಶರತ್ತು ಬಿಡಲಿಲ್ಲ. ಅಕ್ಕಿ ಮೂಟೆಯ ಪಕ್ಕ ಜಾಗ ಮಾಡು ಎಂದು ಡ್ರೈವರಿಗೆ ಹೇಳಿಯೇಬಿಟ್ಟರು. ಅತ್ತೆ ಏಡ್ ತೆಗೆದು ಕಿವಿಗೆ ಹಾಕಿಕೊಂಡು ನಿಂತರು.

"ಅಕ್ಕಯ್ಯ, ಮಾತು ಅಂದ್ರ ಮಾತು. ಟೆಂಪೋ ಅತ್ತು."

"ಪಂಚೆ ನಿಂದು. ಶಿಕ್ಷೆ ನಂಗಾ?"

"ಕಿವಿ ಕೇಳ್ದೋರ್ನ ಲಾರಿ ಓಡಾಡೋ ರಸ್ತೇಲಿ ನಡ್ಸಕಾದದಾ? ನಾಳ ಏನಾರ ಆದ್ರ ಊರೋರ್ಗ ಉತ್ತರ ಯೇಳೋನು ನಾನು."

ಅತ್ತೆ ಒಂದು ಗಳಿಗೆ ತಮ್ಮನ ಮುಖ ನೋಡಿದರು. ಆಮೇಲೆ ನಿಧಾನವಾಗಿ ಒಂದು ಕಿವಿಯದನ್ನು ತೆಗೆದರು. ಇನ್ನೊಂದನ್ನೂ ತೆಗೆದರು. ಎರಡನ್ನೂ ಡಬ್ಬಿಗೆ ಹಾಕಿ ಸೊಂಟದ ಚೀಲಕ್ಕೆ ಸಿಕ್ಕಿಸಿದರು.

"ಇರೋ ಚೂರು ಚಾರ್ಜ್ನ ನಿನ್ ಮಾತ್ಗ್ಯಾಕ್ಲಾ ಸುಡ್ಲಿ, ಮಲ್ಲ? ಪದಕ್ಕ ಮಡಿಕತೀನಿ."

ಹೊರಟೇಬಿಟ್ಟರು.

ಚಿಕ್ಕಪ್ಪ ಹಿಂದಿನಿಂದ ಕೂಗಿದರು, ಬೈದರು, ಕೈ ಬೀಸಿದರು. ಕೇಳದವರ ಮುಂದೆ ಯಜಮಾನಿಕೆ ಎಷ್ಟು ಹೊತ್ತು ನಡೆದೀತು ಹೇಳಿ... ಗುಂಪಿನವರು ನಗು ತಡೆಯಲಾಗದೆ ಬಾಯಿಗೆ ಟವೆಲ್ ಒತ್ತಿಕೊಂಡರು.

ಅತ್ತೆಗೆ ಹುಂಬತನವೇನೂ ಇರಲಿಲ್ಲ. ಸೆರಗಿನ ಮೇಲಿದ್ದ ಟವೆಲಿನ ಒಂದು ತುದಿಯನ್ನು ತಾವು ಹಿಡಿದು ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ಲಾರಿ ಬಂದರೆ ಎಳೆಯಬೇಕು. ನಾನು ಎಳೆದಾಗೆಲ್ಲ ಅವರು ಬದಿಗೆ ಸರಿಯುತ್ತಾರೆ. ಸ್ವಲ್ಪ ದೂರ ಹೋದ ಮೇಲೆ ನೋಡಿದರೆ ಚಿಕ್ಕಪ್ಪ ಬೈಯುತ್ತಲೇ ಬಂದು, ಲಾರಿಗಳ ಕಡೆಗೆ ತಾವು ನಿಂತು, ಅಕ್ಕನ ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದಾರೆ.

ತಾಳಬೆಟ್ಟದ ಅಂಗಡಿಯಲ್ಲಿ ಚಾರ್ಜಿಗಿಡೋಣ ಎಂದು ಓಡಿದೆ. ಕರೆಂಟು ಹೋಗಿತ್ತು.

ಡ್ರೈವರ್ ಟೆಂಪೋ ಬಾಗಿಲು ತೆಗೆದು ಹಿಡಿದುಕೊಂಡೇ ಇದ್ದ. ಅತ್ತೆ ಆ ಕಡೆ ತಿರುಗಲೂ ಇಲ್ಲ. ಕಾಲುದಾರಿಗೆ ಕೈಮುಗಿದು ಹತ್ತತೊಡಗಿದರು.

ಅರ್ಧ ಬೆಟ್ಟದಲ್ಲಿ ನೆರಳು ಸಿಕ್ಕಿತು. ಮುಂದೆ ಹೋಗಿದ್ದ ಕಂಸಾಳೆಯವರು ಅಲ್ಲೇ ಕೂತು ಪದ ಎತ್ತಿದ್ದರು. ಆಗ ಅತ್ತೆ ಡಬ್ಬಿ ತೆರೆದರು.

ಕಿವಿಗೆ ಹಾಕಿಕೊಂಡ ಮರುಗಳಿಗೆ ಅವರ ಮುಖ ನೋಡಬೇಕಿತ್ತು. ತಾಳದ ಠಣ್ ಎನ್ನುವ ಮೊದಲ ಪೆಟ್ಟಿಗೇ ಕಣ್ಣು ತುಂಬಿತು. ಅಲ್ಲಾಡದೆ ಕೂತರು.

ಪದ ಇನ್ನೂ ಅರ್ಧದಲ್ಲಿದೆ, ಅತ್ತೆ ನನ್ನ ಕಡೆ ತಿರುಗಿ, "ಕಿವೀಲಿ ಟಿಣ್ ಟಿಣ್ ಅಂತು. ಚಾರ್ಜ್ ಓಯ್ತು," ಅಂದರು.

ಆದರೂ ಎದ್ದು ಹೋಗಲಿಲ್ಲ. ತಾಳ ಬೀಸುವ ಕೈಯನ್ನೇ ನೋಡುತ್ತಾ ತಮ್ಮ ಮೊಣಕಾಲಿನ ಮೇಲೆ ಅದೇ ಪೆಟ್ಟನ್ನು ಹಾಕುತ್ತಾ ಕೂತರು. ಪದ ಮುಗಿಯುವವರೆಗೂ ಒಂದು ಪೆಟ್ಟೂ ತಪ್ಪಲಿಲ್ಲ. ಆಮೇಲೆ ಸೀರೆ ಕೊಡವಿ ಎದ್ದು, ಉಳಿದ ಬೆಟ್ಟವನ್ನೂ ಹತ್ತಿದರು.

ಜಗಲಿಯ ಮೇಲೆ ಇದನ್ನೆಲ್ಲ ಕೇಳಿದವರಲ್ಲಿ ಪಕ್ಕದ ಮನೆಯ ಪುಟ್ಟತಾಯಮ್ಮನೂ ಇದ್ದರು. ಅವರ ಮಗ ತಂದುಕೊಟ್ಟ ಹಿಯರಿಂಗ್ ಏಡ್, ನೋಡಿದವರು ಕೆಪ್ಪಿ ಅಂತಾರೆ ಎಂದು, ಟ್ರಂಕಿನ ತಳದಲ್ಲಿ ಸೀರೆಗಳ ಅಡಿ ಮಲಗಿತ್ತಂತೆ. ಇದು ನಮಗ್ಯಾರಿಗೂ ಗೊತ್ತೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಪುಟ್ಟತಾಯಮ್ಮ ತುರುಬನ್ನು ಮೇಲಕ್ಕೆತ್ತಿ ಕಟ್ಟಿ, ಎರಡೂ ಕಿವಿ ಊರಿಗೆಲ್ಲ ಕಾಣುವ ಹಾಗೆ ಹಾಲಿನ ಕ್ಯಾನು ಹಿಡಿದು ಡೈರಿಗೆ ನಡೆದರು. ಡೈರಿ ಹುಡುಗ ಎಂದಿನಂತೆ ಗಂಟಲು ಹರಿಯುವ ಹಾಗೆ ಕೂಗಿದ್ದಕ್ಕೆ, "ಮೆಲ್ಲುಗ್ ಮಾತಾಡ್ಲಾ, ಕೇಳ್ತದ," ಅಂದರು.