ಹಿಕ್ಕೆ ನೋಡುವ ಮಾವನವರು

ದರ್ಜಿ ಕೆಲಸದ ನಮ್ಮ ಮಾವನವರು ಬೆಳಗ್ಗೆ ಎದ್ದು ಮೊದಲು ನೋಡುವುದು ಗಡಿಯಾರವನ್ನಲ್ಲ, ತಾವು ಸಾಕಿದ ಮೊಲದ ಹಿಕ್ಕೆಯನ್ನು. ಕನ್ನಡಕ ಏರಿಸಿ, ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದನ್ನು ಬೆರಳ ನಡುವೆ ಹಿಸುಕಿ ತೀರ್ಪು ಕೊಡುತ್ತಾರೆ. ದುಂಡಗಿದ್ದು, ಒಣಹುಲ್ಲಿನ ಪುಡಿಯಾಗಿ ಉದುರಿದರೆ ಅಂದು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ನಗುಮುಖ. ತೀರಾ ಸಣ್ಣದಾಗಿದ್ದರೆ ಹುಲ್ಲು ಸಾಲದೆಂದು ಇನ್ನೊಂದು ಹಿಡಿ ಹಾಕುತ್ತಾರೆ. ಮೆತ್ತಗಾಗಿದ್ದರಂತೂ ಮುಗಿಯಿತು, "ಬಿಸ್ಕತ್ತು ಕೊಟ್ಟಿದ್ದು ಯಾರು, ಈಗ್ಲೇ ಒಪ್ಕೊಂಡ್ಬಿಡಿ" ಎಂದು ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸುತ್ತಾರೆ. ಕೋಟು ಹೊಲಿಸಲು ಬಂದ ಬ್ಯಾಂಕ್ ಮ್ಯಾನೇಜರರ ಸೊಂಟಕ್ಕೆ ಟೇಪು ಸುತ್ತುತ್ತಲೇ, "ನಿಮ್ಮ ಷರ್ಟಿನ ಗುಂಡಿ ಇದೆಯಲ್ಲ ಸಾರ್, ಇವತ್ತಿಂದು ಸರಿಯಾಗಿ ಅಷ್ಟೇ ಗಾತ್ರ" ಎಂದ ಪುಣ್ಯಾತ್ಮರು ಇವರು. ಇಂಥವರು ಯಾಕೋ ಸೊರಗುತ್ತಿದ್ದಾರೆಂದು ಮೊನ್ನೆ ನಾನೇ ಆಸ್ಪತ್ರೆಗೆ ಎಳೆದುಕೊಂಡು ಹೋದೆ. "ಬೆಳಗ್ಗೆ ಮೋಷನ್ ಸರಿಯಾಗಿ ಆಗುತ್ತಾ?" ಎಂದು ಡಾಕ್ಟರು ಕೇಳಿದ್ದೇ ತಡ, ಮಾವನವರು ನಾಚಿ ನೀರಾದರು. "ಛೆ ಛೆ, ಸೊಸೆ ಮುಂದೆ ಅದೆಲ್ಲ ಯಾಕೆ" ಎಂದು ಮೇಜಿನ ಬಟ್ಟೆಯ ಅಂಚಿನ ಹೊಲಿಗೆ ಪರೀಕ್ಷಿಸುತ್ತ ಕೂತರು. ನಾನು ಹೊರಗೆ ಹೋಗಲು ಎದ್ದರೂ ಬಾಯಿ ಬಿಡಲಿಲ್ಲ. "ಮೊಲದ್ದು ಅಂದ್ಕೊಂಡು ಹೇಳಿ ಮಾವ" ಎಂದೆ. ಅವರು ಕನ್ನಡಕ ಏರಿಸಿದರು. ದನಿ ದಿನಾ ಬೆಳಗಿನ ತೀರ್ಪಿನ ದನಿಯೇ ಆಯಿತು. "ಮೊಲಕ್ಕೆ ಮೂರು ತಿಂಗಳಿಂದ ರಕ್ತ ಹೋಗ್ತಿದೆ ಡಾಕ್ಟ್ರೇ. ಮನೇಲಿ ಯಾರಿಗೂ ಹೇಳಿಲ್ಲ."