ಅತ್ತೆ ನೋಡಿದ ಜಂಬೂಸವಾರಿ

ಮೊನ್ನೆ ಮೊಮ್ಮಗಳು ಗೋಬಿ ಮಂಚೂರಿ ಮಾಡುತ್ತೇನೆಂದು ಹೊರಟು ಅಡುಗೆಮನೆಯಲ್ಲಿ ವಿನಿಗರ್ ಬಾಟಲಿ ಬೀಳಿಸಿದಳು. ಅವಳು ಮೂಗು ಮುಚ್ಚಿಕೊಂಡು ಆಚೆ ಹೋದಳು. ನಾನು ಒರೆಸುವ ಬಟ್ಟೆ ಹಿಡಿದು ಅಲ್ಲೇ ನಿಂತುಬಿಟ್ಟೆ. ನಿಮಗೂ ಹೀಗಾಗಿರಬಹುದು, ಎಲ್ಲಿಯದೋ ವಾಸನೆ ಇನ್ನೆಲ್ಲಿಗೋ ಕೈಹಿಡಿದು ಕರೆದೊಯ್ಯುತ್ತದೆ. ನನ್ನನ್ನು ಅದು ಒಯ್ದದ್ದು ಮೈಸೂರಿನ ಅಗ್ರಹಾರದ ಒಂದು ಸ್ಟುಡಿಯೋದ ಕತ್ತಲೆ ಕೋಣೆಯ ಬಾಗಿಲಿಗೆ. ಫೋಟೋ ತೊಳೆಯುವ ಔಷಧಿಗೆ ಇದೇ ಹುಳಿ ವಾಸನೆ.

ಐವತ್ತರ ದಶಕದಲ್ಲಿ ನಾನು ಮದುವೆಯಾಗಿ ಮೈಸೂರಿಗೆ ಬಂದಾಗ ಟ್ರಂಕಿನಲ್ಲಿ ಸೀರೆಗಳ ನಡುವೆ ಒಂದು ಡಬ್ಬಿ ಕ್ಯಾಮೆರಾ ಇತ್ತು. ಅಣ್ಣ ಕೊಟ್ಟದ್ದು. ಅವನು ರಂಗೂನಿನಲ್ಲಿ ಕೆಲಸದಲ್ಲಿದ್ದವನು; ರಜೆ ಸಿಕ್ಕಾಗಲೆಲ್ಲ ಪಿನಾಂಗು, ಸಿಂಗಪುರ ಅಂತ ಅಲೆದು, ಅಲ್ಲಿನ ಸಂತೆ, ಹಬ್ಬ, ನೀರೆರಚಾಟಗಳ ಚಿತ್ರ ತೆಗೆದು ಒಂದು ದಪ್ಪ ಆಲ್ಬಂ ತುಂಬಿಸಿದ್ದ. ಊರಿಗೆ ಮರಳಿ ನೆಲೆಸಿದ ಮೇಲೆ ಎರಡನ್ನೂ ನನಗೇ ಕೊಟ್ಟುಬಿಟ್ಟ. ಆ ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ದೂರದಿಂದ ನೋಡಿದವರಿಗೆ ನಾನು ನಡುಬೀದಿಯಲ್ಲಿ ನಿಂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿರುವಂತೆ ಕಾಣುತ್ತಿತ್ತಂತೆ.

ಮಾವನವರದು ಸಂತೆಪೇಟೆಯಲ್ಲಿ ಬೆಲ್ಲ, ಬೇಳೆಯ ಮಂಡಿ. ಅತ್ತೆ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಧರಿಸಿ ಅಡುಗೆಮನೆ ಹೊಕ್ಕರೆ ಮಧ್ಯಾಹ್ನ ಎಲ್ಲರ ಊಟವಾದ ಮೇಲೇ ಪಡಸಾಲೆಗೆ ಬರುತ್ತಿದ್ದದ್ದು. ಮಾತು ಕಡಿಮೆ. ನನಗೆ ಅವರೆಂದರೆ ಹೆದರಿಕೆ. ಆದರೆ ಆ ಹೊತ್ತಿನಲ್ಲಿ ಅವರು ಅಣ್ಣನ ಆಲ್ಬಂ ತರಿಸಿಕೊಂಡು ನಿಧಾನವಾಗಿ ಹಾಳೆ ತಿರುವುತ್ತಿದ್ದರು. ಬರ್ಮಾದ ಹೆಂಗಸರು ಛತ್ರಿ ಹಿಡಿದು ಸಂತೆಯಲ್ಲಿ ಸಾಲಾಗಿ ಕೂತ ಚಿತ್ರದ ಮೇಲೆ ಬೆರಳಿಟ್ಟು ಒಮ್ಮೆ ಕೇಳಿದರು: "ಇವರೆಲ್ಲ ಇಲ್ಲಿ ಕೂತವ್ರಲ್ಲ, ಮನೇಲಿ ಅಡಿಗೆ ಯಾರು ಮಾಡ್ತಾರೆ?"

ನಾನು ಬೇಗ ಮುಂದಿನ ಹಾಳೆ ತಿರುವಿದೆ.

ಒಂದು ಭಾನುವಾರ ಯಜಮಾನರನ್ನು ಒಪ್ಪಿಸಿ, ಮಾರ್ಕೆಟ್ಟಿನಲ್ಲಿ ಹೂ ಕಟ್ಟುವವರ ಚಿತ್ರ ತೆಗೆಯಲು ಹೋದೆ. ಸುತ್ತ ಜನ ಸೇರಿದರು. ನಮ್ಮವರು ಸಂಕೋಚದ ಮನುಷ್ಯ. ಮೆಲ್ಲನೆ ಸರಿಯುತ್ತಾ ಸರಿಯುತ್ತಾ ಬಾಳೆಹಣ್ಣಿನ ಅಂಗಡಿಯ ಮುಂದೆ, ನನ್ನ ಪರಿಚಯವೇ ಇಲ್ಲದವರಂತೆ ನಿಂತರು. ಸಂಜೆಯೊಳಗೆ ಸುದ್ದಿ ನಮ್ಮ ಬೀದಿಗೆ ಮುಟ್ಟಿತು. ಎದುರುಮನೆಯವರು ಬಂದು, ನಿಮ್ಮ ಸೊಸೆ ಗಂಡಸರ ನಡುವೆ ಡಬ್ಬಿ ಹಿಡಿದು ನಿಂತಿದ್ದಳಂತಲ್ಲ ಎಂದು ಅತ್ತೆಗೆ ವರದಿ ಒಪ್ಪಿಸಿ ಹೋದರು. ಕ್ಯಾಮೆರಾ ಇನ್ನು ಅಟ್ಟ ಸೇರಿತು ಅಂದುಕೊಂಡೆ. ಅತ್ತೆ ಸೊಪ್ಪು ಸೋಸುತ್ತಲೇ ಹೇಳಿದರು: "ಒಬ್ಬಳೇ ಹೋಗೋದು ಬ್ಯಾಡ. ಇನ್ಮೇಲೆ ನಾನೂ ಬರ್ತೀನಿ."

ಹೀಗೆ ನನ್ನ ಕಾವಲು ಶುರುವಾಯಿತು. ನೀವು ನಂಬಲಿಕ್ಕಿಲ್ಲ, ಅಂಥ ಕಾವಲುಗಾರರಿದ್ದರೆ ಯಾರೂ ಬಿಡುಗಡೆ ಬೇಡುವುದಿಲ್ಲ. ಕೆರೆ ಏರಿಯ ಮೇಲೆ ಬಟ್ಟೆ ಒಣಹಾಕುವವರು, ಗರಡಿಯ ಮುಂದೆ ಮೈಗೆ ಎಣ್ಣೆ ತಿಕ್ಕಿಕೊಳ್ಳುವ ಪೈಲ್ವಾನರು, ಎಲ್ಲ ಕಡೆಗೂ ಹೋದೆವು. ರಂಜಾನ್ ಹಬ್ಬದ ದಿನ ಮಂಡಿ ಮೊಹಲ್ಲಾದಲ್ಲಿ ಹೊಸ ಬಟ್ಟೆಯ ಮಕ್ಕಳನ್ನು ಒಂದು ಕಡೆ ನಿಲ್ಲಿಸಲು ನನ್ನಿಂದಾಗಲಿಲ್ಲ. ಅತ್ತೆ ಒಂದು ಜಗುಲಿಯ ಮೇಲೆ ಕೂತು, ಆ ಮನೆಯಾಕೆಯ ಜೊತೆ ಶಾವಿಗೆ ಒಣಗಿಸುವ ಮಾತು ತೆಗೆದರು. ಮಕ್ಕಳು ತಾವಾಗಿಯೇ ಬಂದು ಸುತ್ತ ನಿಂತವು. ಗೌರಿ ಹಬ್ಬದಲ್ಲಿ ಮನೆಮನೆಗೆ ಹೋದಾಗಲೂ ಅಷ್ಟೇ. ಮಾತು ಬಾರದವರೆಂದು ನಾನು ತಿಳಿದಿದ್ದವರು ಎಲ್ಲ ಮನೆಯಲ್ಲೂ ನನಗಿಂತ ಮೊದಲೇ ಒಳಗಿರುತ್ತಿದ್ದರು.

ಆ ವರ್ಷದ ದಸರೆ ಹತ್ತಿರವಾದಾಗ ವಾಡಿಕೆಯಂತೆ ಹಳ್ಳಿಗಳಿಂದ ನೆಂಟರು ಬಂದಿಳಿದರು. ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ವಿಜಯದಶಮಿಯ ಹಿಂದಿನ ದಿನ ಹೂರಣ ರುಬ್ಬುತ್ತಾ, ಸವಾರಿ ನೋಡಲು ಎಲ್ಲಿ ನಿಂತರೆ ಚೆನ್ನ ಎಂದು ಅತ್ತೆಯನ್ನು ಕೇಳಿದೆ. ಕಣಕ ನಾದುತ್ತಿದ್ದ ಅವರ ಕೈ ನಿಂತಿತು.

"ನಂಗೇನು ಗೊತ್ತು ಕಣಮ್ಮ? ಈ ಮನೆಗೆ ಬಂದಾಗಿಂದ ಒಂದು ಸಲಾನೂ ನೋಡಿಲ್ಲ. ಬಂದೋರ್ಗೆಲ್ಲ ಬಡಿಸಿ ಕೈ ತೊಳೆಯೋ ಹೊತ್ಗೆ ಆನೆ ಹೊಂಟೋಗಿರ್ತದೆ. ತೋಪಿನ ಸದ್ದು ಮಾತ್ರ ಒಲೆ ಮುಂದೆ ಕೇಳಿಸ್ತದೆ." ದನಿ ತಗ್ಗಿಸಿ ಅಂದರು: "ನಿನ್ನ ಕಾಯೋದು ಒಂದು ನೆಪ ಅಷ್ಟೇಯ. ನಂಗೂ ಊರು ನೋಡ್ಬೇಕು."

ಅರಮನೆ ನಮ್ಮ ಮನೆಯಿಂದ ಕೂಗಳತೆಯ ದೂರ.

ಮಾರನೆಯ ದಿನ ಅತ್ತೆ ಒಬ್ಬಟ್ಟು ಬೇಯಿಸಿಟ್ಟು, ಸಾರು ಇಳಿಸಿ, ಪಾತ್ರೆಗಳನ್ನು ಸಾಲಾಗಿ ಇರಿಸಿದರು. ಕೈಮಗ್ಗದ ಹಸಿರು ಸೀರೆ ಉಟ್ಟು ಪಡಸಾಲೆಗೆ ಬಂದು, ಸೊಸೆ ಒಬ್ಬಳೇ ಹೋಗಬಾರದಲ್ಲ, ನಾನು ಹೊರಟೆ, ನೀವೇ ಬಡಿಸಿಕೊಂಡು ಉಣ್ಣಿ ಎಂದರು. ನೆಂಟರು ಮಾವನವರ ಮುಖ ನೋಡಿದರು. ಮಾವನವರು ತಾವೇ ಎದ್ದು ಎಲೆ ಹಾಕಿದರು.

ರಸ್ತೆಯಲ್ಲಿ ಜನವೋ ಜನ. ರೀಲಿನಲ್ಲಿ ಒಂದೇ ಚಿತ್ರ ಉಳಿದಿತ್ತು; ಅದನ್ನು ಅಂಬಾರಿಗೆಂದೇ ಕಾದಿಟ್ಟೆ. ಬ್ಯಾಂಡು ಹೋಯಿತು, ಕುದುರೆ ದಂಡು ಹೋಯಿತು. ದೂರದಲ್ಲಿ ಚಿನ್ನ ಹೊಳೆಯಿತು. ನಾನು ತಲೆ ಬಗ್ಗಿಸಿ ಗುಂಡಿ ಒತ್ತಿದೆ, ಅಷ್ಟೇ. ತಲೆಯೆತ್ತಿದರೆ ಅತ್ತೆ ಪಕ್ಕದಲ್ಲಿಲ್ಲ, ನನ್ನ ಮುಂದಿದ್ದಾರೆ. ತುದಿಗಾಲಲ್ಲಿ ನಿಂತು ಎರಡೂ ಕೈ ಮುಗಿದಿದ್ದಾರೆ.

ಸ್ಟುಡಿಯೋದಿಂದ ತಂದ ಚಿತ್ರವನ್ನು ಅಳುಕುತ್ತಲೇ ಅವರ ಕೈಗಿತ್ತೆ. ಸೆರಗು ಹೊದ್ದ ಒಂದು ದೊಡ್ಡ ತಲೆ. ಅದರ ಮೇಲೆ, ಕಳಶವಿಟ್ಟಂತೆ, ಅಂಬಾರಿಯ ತುದಿ. ಆನೆಯೂ ಇಲ್ಲ, ಮಹಾರಾಜರೂ ಇಲ್ಲ.

"ಇದ್ಯಾರು ಇಂಗೆ ಅಡ್ಡ ನಿಂತಿರೋಳು?" ಎಂದರು ಅತ್ತೆ.

"ನೀವೇ ಅತ್ತೆ."

ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೇಸರಪಟ್ಟುಕೊಂಡರೇನೋ ಅಂದುಕೊಂಡೆ.

"ಅಂಗಾರೆ," ಅಂದರು, "ಎಲ್ಲಾರ್ಗಿಂತ ಮುಂದೇನೇ ನಿಂತಿದ್ದೆ ಅನ್ನು."

ಆಮೇಲೆ ಅವರಿದ್ದಷ್ಟು ವರ್ಷವೂ ನಮ್ಮ ಮನೆಯಲ್ಲಿ ವಿಜಯದಶಮಿಯ ಊಟ ಬಡಿಸಿದವರು ಗಂಡಸರೇ.

ನೆಲ ಒರೆಸಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಮಗ ಕಚೇರಿಯಿಂದ ಬಂದ. ಈ ಸಲ ದಸರೆಗೆ ಜನ ಜಾಸ್ತಿ ಅಮ್ಮ, ಟೀವಿ ಮುಂದೆ ಕುರ್ಚಿ ಹಾಕಿಕೊಡುತ್ತೇನೆ, ಅಲ್ಲೇ ಎಲ್ಲ ಚೆನ್ನಾಗಿ ಕಾಣುತ್ತದೆ ಎಂದ. ಅವನು ಹೇಳುವುದು ನಿಜ; ಹಿಂದಿನ ದಿನವಾಗಿದ್ದರೆ ಹೂಂ ಅನ್ನುತ್ತಿದ್ದೆ. ಕುರ್ಚಿಯನ್ನು ರಸ್ತೆಯ ಪಕ್ಕಕ್ಕೇ ಹಾಕು ಎಂದೆ. ಕಾಣದಿದ್ದರೆ ಎದ್ದು ನಿಲ್ಲುತ್ತೇನೆ.